ನಾರ್ಬರ್ಟನ ಪಥ್ಯ, ನನ್ನ ಪತ್ತೇದಾರಿ

ಮದುವೆಯಾಗಿ ಮೂವತ್ತೊಂಬತ್ತು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ನಾನು ಹೇಳಿದ ಯಾವ ಮಾತಿಗೂ ನನ್ನ ಗಂಡ ನಾರ್ಬರ್ಟ್ ಮೊದಲ ಸಲಕ್ಕೇ "ಆಯ್ತು" ಎಂದವನಲ್ಲ. ಛತ್ರಿ ತೆಗೆದುಕೊಂಡು ಹೋಗು ಎಂದರೆ, ಆಕಾಶಕ್ಕೂ ತನಗೂ ಬೇರೆ ಒಪ್ಪಂದವಾಗಿದೆ ಎನ್ನುವವನಂತೆ ಬರಿಗೈಯಲ್ಲಿ ಹೋಗಿ ಮೂಗು ಸೋರಿಸಿಕೊಂಡು ಬರುತ್ತಾನೆ. ಗೋಡೆಗೆ ಹಸಿರು ಬಣ್ಣ ಎಂದರೆ ಹಳದಿ. ಎಡಕ್ಕೆ ತಿರುಗು ಎಂದರೆ ನೇರ, ಆಮೇಲೆ ಇಪ್ಪತ್ತು ಮೈಲಿ ವಾಪಸ್ಸು. ಇಂಥವನು ಕಳೆದ ಮಾರ್ಚ್ ತಿಂಗಳ ಒಂದು ಗುರುವಾರ, ನಾಳೆಯಿಂದ ಈ ಮನೆಯಲ್ಲಿ ಬೆಣ್ಣೆ, ಚೀಸು, ಸಾಸೇಜು, ಸಿಹಿ ಯಾವುದೂ ಇಲ್ಲ ಎಂದು ನಾನು ಘೋಷಿಸಿದಾಗ, ಬೂಟಿನ ದಾರ ಬಿಚ್ಚುತ್ತಾ, ತಲೆ ಕೂಡ ಎತ್ತದೆ, "ಆಯ್ತು ಆರ್ಲಿಸ್" ಎಂದುಬಿಟ್ಟ. ನನಗೆ ಅನುಮಾನ ಬರದೆ ಇನ್ನೇನು ಬರಬೇಕು?

ಅವತ್ತು ಬೆಳಗ್ಗೆ ನಾವಿಬ್ಬರೂ ಕ್ಲಿನಿಕ್ಕಿಗೆ ಹೋಗಿದ್ದೆವು. ಡಾಕ್ಟರ್ ಹಲ್ವರ್ಸನ್ ಎಂಬ ಹುಡುಗಿ (ವಯಸ್ಸು ಮೂವತ್ತಿರಬಹುದು, ನನಗೆ ಎಲ್ಲರೂ ಹುಡುಗಿಯರೇ) ನಾರ್ಬರ್ಟನ ವರದಿಯನ್ನು ನೋಡಿ, ಸಕ್ಕರೆ ಗಡಿಯಲ್ಲಿ ನಿಂತಿದೆ, ರಕ್ತದಲ್ಲಿ ಕೊಬ್ಬು ವಿಪರೀತ ಇದೆ ಎಂದಳು. ಮಾತಿನಲ್ಲಿ ವಿಪರೀತ ಇರುವುದು ನನಗೆ ಮೊದಲೇ ಗೊತ್ತಿತ್ತು, ರಕ್ತಕ್ಕೂ ಇಳಿದಿದೆಯೆಂದು ಗೊತ್ತಿರಲಿಲ್ಲ. ಮೂರು ತಿಂಗಳು ಪಥ್ಯ, ನಡಿಗೆ. ಆಮೇಲೆ ಮತ್ತೆ ರಕ್ತ ನೋಡುತ್ತೇನೆ, ಇಳಿಯದಿದ್ದರೆ ಮಾತ್ರೆ ಎಂದಳು. ನಾರ್ಬರ್ಟನಿಗೆ ಅರವತ್ತಮೂರು. ಅವನ ಅಪ್ಪ ಅರವತ್ತನಾಲ್ಕಕ್ಕೆ, ಊಟ ಮುಗಿಸಿ ಪತ್ರಿಕೆ ಹಿಡಿದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಆ ಕುರ್ಚಿ ಈಗಲೂ ನಮ್ಮ ಮನೆಯಲ್ಲಿದೆ. ಇವನು ಕೂರುವುದೂ ಅದರಲ್ಲೇ.

ಡಾಕ್ಟರು ಕೊಟ್ಟ ‘ಆರೋಗ್ಯವಂತ ಮನೆಗೆ ಹದಿನಾಲ್ಕು ಸೂತ್ರಗಳು’ ಎಂಬ ಹಾಳೆಯನ್ನು ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅರ್ಧ ತಟ್ಟೆ ತರಕಾರಿ. ಚಿಕ್ಕ ತಟ್ಟೆಯಲ್ಲಿ ಊಟ. ಒಂದು ತುತ್ತಿಗೆ ಇಪ್ಪತ್ತು ಸಲ ಅಗಿತ. ದಿನಕ್ಕೆ ಅರ್ಧ ಗಂಟೆ ನಡಿಗೆ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಂತರೆ ಸಮತೋಲ ಉಳಿಯುತ್ತದೆ, ಇತ್ಯಾದಿ. ನಾನು ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬಡಿಸಿದವಳು. ಒಬ್ಬ ಗಂಡನಿಗೆ ಪಥ್ಯ ಮಾಡಿಸುವುದು ಯಾವ ಮಹಾ ಎಂದುಕೊಂಡೆ.

ಮೊದಲ ಕೆಲಸ ಮನೆಯ ಶುದ್ಧೀಕರಣ. ಹಾಲು, ಚೀಸಿಗೇ ಹೆಸರಾದ ನಮ್ಮೂರು ಮ್ಯಾನಿಟೊವಾಕಿನಲ್ಲಿ ಚೀಸು ಬಿಟ್ಟವನನ್ನು ಮತಾಂತರವಾದವನಂತೆ ನೋಡುತ್ತಾರೆ. ನಮ್ಮ ನೆಲಮಾಳಿಗೆಯಲ್ಲಿ ಎರಡು ದೊಡ್ಡ ಫ್ರೀಜರುಗಳಿದ್ದವು. ಒಂದರಲ್ಲಿ ಶರತ್ಕಾಲದಲ್ಲಿ ಕೊಂಡ ಅರ್ಧ ಹಂದಿಯ ಸಾಸೇಜುಗಳು, ಬೇಕನ್ ಎಂಬ ಉಪ್ಪೂಡಿಸಿದ ಹಂದಿಮಾಂಸದ ಪಟ್ಟಿಗಳು, ಹನ್ನೆರಡು ಪೌಂಡು ಬೆಣ್ಣೆ. ಇನ್ನೊಂದರಲ್ಲಿ ಕ್ರಿಸ್‌ಮಸ್ಸಿಗೆ ಬಂದ ಕ್ರಿಂಗಲುಗಳು, ಅಂದರೆ ಒಳಗೆ ಪೆಕಾನ್ ಬೀಜ, ಚೆರ್ರಿ ತುಂಬಿ ಮೇಲೆ ಸಕ್ಕರೆ ಬಳಿದ, ತಟ್ಟೆಯಗಲದ ಬಳೆಯಂಥ ಪದರ ರೊಟ್ಟಿಗಳು, ಒಟ್ಟು ಒಂಬತ್ತು. ಇವನ್ನೆಲ್ಲ ಏನು ಮಾಡುವುದು? ಚರ್ಚಿನ ಅನ್ನದಾನದವರು ಅಂಗಡಿಯ ಮೊಹರು ಒಡೆಯದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನಾದಿನಿ ಡೆಲೋರಿಸ್‌ಗೆ ಕೊಡೋಣವೆಂದರೆ ಅವಳಿಗೆ ಪಿತ್ತಕೋಶ ತೆಗೆದಿದ್ದಾರೆ, ಕೊಬ್ಬು ದಕ್ಕುವುದಿಲ್ಲ. ಎಸೆಯುವುದಂತೂ ಆಗದ ಮಾತು. ನಮ್ಮಮ್ಮ ಬೆಣ್ಣೆ ಸುತ್ತಿದ ಕಾಗದವನ್ನು ಚಾಕುವಿನಿಂದ ಕೆರೆದು ಆಲೂಗಡ್ಡೆಗೆ ಹಚ್ಚುತ್ತಿದ್ದವಳು. ಆದ್ದರಿಂದ ಈ ವಿಲೇವಾರಿಯ ಹೊಣೆಯನ್ನು ನಾನೇ, ಸಂಸಾರದ ಹಿತಕ್ಕಾಗಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ನಾರ್ಬರ್ಟನ ಕಣ್ಣಿಗೆ ಬೀಳದಂತೆ ಹೊತ್ತುಕೊಂಡೆ. (ಅವನ ಎದುರಿಗೆ ತಿಂದು ಹೊಟ್ಟೆ ಉರಿಸಬಾರದಲ್ಲ.)

ಮೊದಲ ರಾತ್ರಿ ಊಟಕ್ಕೆ ಬೇಯಿಸಿದ ಹೂಕೋಸು, ಉಪ್ಪಿಲ್ಲದ ಬೀನ್ಸು, ಅಂಗೈಯಗಲದ ಒಂದು ಮೀನಿನ ತುಂಡು. ನಾರ್ಬರ್ಟ್ ಒಂದೊಂದು ತುತ್ತನ್ನೂ ತುಟಿಯಲ್ಲೇ ಎಣಿಸುತ್ತಾ ಇಪ್ಪತ್ತು ಸಲ ಅಗಿದ. ತಟ್ಟೆ ಖಾಲಿ ಮಾಡಿದ. ಆಮೇಲೆ, "ಚೆನ್ನಾಗಿತ್ತು" ಎಂದ.

ಉಪ್ಪಿಲ್ಲದ ಹೂಕೋಸನ್ನು ಚೆನ್ನಾಗಿತ್ತು ಎಂದ ಗಂಡಸು ಭೂಮಿಯ ಮೇಲೆ ಇದುವರೆಗೆ ಹುಟ್ಟಿಲ್ಲ. ಹಾಗಾದರೆ ಇವನು ಹೊರಗೆಲ್ಲೋ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಅವತ್ತಿನಿಂದ ಪಥ್ಯದ ಜೊತೆಗೆ ಪತ್ತೇದಾರಿಯೂ ಆರಂಭವಾಯಿತು. ಅವನು ಸ್ನಾನಕ್ಕೆ ಹೋದಾಗ ಕೋಟಿನ ಕಾಲರು ಮೂಸಿದೆ. ಜೇಬುಗಳನ್ನು ಹೊರಮಗುಚಿ ಜಾಲಾಡಿದೆ. ಪಿಕಪ್ಪಿನ ಸೀಟಿನ ಸಂದಿಗೆ ಬೆರಳು ತುರುಕಿ ಚೂರುಪಾರು ಹುಡುಕಿದೆ. ಸಿಕ್ಕಿದ್ದು ಒಂದು ಮೊಳೆ, ಎರಡು ಪುದೀನ ಗುಳಿಗೆ. ಪುದೀನ ಗುಳಿಗೆ ಯಾರು ತಿನ್ನುತ್ತಾರೆ? ಬಾಯಿಯ ವಾಸನೆ ಮುಚ್ಚಬೇಕಾದವರು. (ನಾನೂ ಆ ದಿನಗಳಲ್ಲಿ ಅದನ್ನೇ ತಿನ್ನುತ್ತಿದ್ದೆ, ಆದ್ದರಿಂದಲೇ ಹೊಳೆದದ್ದು.)

ಮೂರನೆಯ ವಾರ ಇನ್ನೊಂದು ವಿಚಿತ್ರ ಶುರುವಾಯಿತು. ನಮ್ಮಲ್ಲಿ ಐದಕ್ಕೆ ರಾತ್ರಿಯೂಟ. ಊಟ ಮುಗಿಸಿ ಕುರ್ಚಿ ಹಿಡಿಯುತ್ತಿದ್ದ ಮನುಷ್ಯ, ಐದೂವರೆಗೆ ಟೋಪಿ ಹಾಕಿಕೊಂಡು "ನಡೆದು ಬರ್ತೀನಿ" ಎಂದು ಹೊರಡತೊಡಗಿದ. ಜೊತೆಗೆ ಬರುತ್ತೀಯಾ ಎಂದು ಮೊದಲ ದಿನ ಕೇಳಿದ. ನನಗೆ ಪಾತ್ರೆ ತೊಳೆಯುವುದಿತ್ತು. (ಆಮೇಲೆ ನೆಲಮಾಳಿಗೆಯ ಕೆಲಸವೂ ಇತ್ತು.) ವಾಪಸ್ಸು ಬರುವಾಗ ಏಳು ಗಂಟೆ, ಕೆನ್ನೆ ಕೆಂಪು, ತುಟಿಯಲ್ಲಿ ಸಿಳ್ಳೆ. ಅರ್ಧ ಗಂಟೆಯ ನಡಿಗೆಗೆ ಒಂದೂವರೆ ಗಂಟೆ ಯಾಕೆ ಎಂದು ಕೇಳಿದೆ. ಸರೋವರದ ಕಡೆ ಗಾಳಿ ಚೆನ್ನಾಗಿತ್ತು ಎಂದ. ಏಪ್ರಿಲ್ಲಿನಲ್ಲಿ ನಮ್ಮ ಸರೋವರದ ಗಾಳಿ ಕಿವಿ ಕತ್ತರಿಸಿ ಕೈಗೆ ಕೊಡುತ್ತದೆ. ಸರೋವರದ ದಂಡೆಯಲ್ಲಿ ಗಾಳಿಯಲ್ಲದೆ ಇನ್ನೂ ಒಂದಿದೆ, ಕೆನೆ ಐಸ್‌ಕ್ರೀಮಿನ ಗೂಡಂಗಡಿ. ನಾನು ಅದರ ಯಜಮಾನನಿಗೆ ಫೋನು ಮಾಡಿ, ಬೂದು ಟೋಪಿಯ, ಉದ್ದ ಮೂಗಿನ ಒಬ್ಬ ಬರುತ್ತಾನೆಯೇ ಎಂದು ವಿಚಾರಿಸಿದೆ. ಅಂಗಡಿ ಮೇ ತಿಂಗಳವರೆಗೆ ಬಾಗಿಲು ಹಾಕಿದೆ ಎಂದ. ಅವನೂ ಇವನ ಜೊತೆ ಶಾಮೀಲಾಗಿರಬಹುದು.

ಇಷ್ಟರಲ್ಲಿ ನಾರ್ಬರ್ಟನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ. ತೂಕ ಇಳಿದವನಂತೆ ಕಾಣಲು ದೊಡ್ಡ ಅಳತೆಯ ಪ್ಯಾಂಟು ಕೊಂಡು ನನಗೆ ಮಂಕುಬೂದಿ ಎರಚುತ್ತಿದ್ದಾನೆಂದು ನನಗೆ ತಕ್ಷಣ ಹೊಳೆಯಿತು. ಒಳಗಿನ ಚೀಟಿ ನೋಡಿದೆ. ಹಳೆಯ ಪ್ಯಾಂಟೇ. ಚೀಟಿ ಬದಲಾಯಿಸಿ ಹೊಲಿದಿದ್ದಾನೋ ಎಂದು ದಾರದ ಬಣ್ಣವನ್ನೂ ನೋಡಿದೆ. ಇಲ್ಲ.

ಆಗ ಸ್ನಾನದಮನೆಯ ತೂಕದ ಯಂತ್ರದ ಮೇಲೆ ಅನುಮಾನ ಬಂತು. ನಾರ್ಬರ್ಟ್ ನಲವತ್ತು ವರ್ಷ ಕ್ರೇನ್ ಕಾರ್ಖಾನೆಯಲ್ಲಿ ದುಡಿದವನು, ಯಾವ ಯಂತ್ರವನ್ನಾದರೂ ಬಿಚ್ಚಿ ತನಗೆ ಬೇಕಾದ ಹಾಗೆ ಕೂರಿಸಬಲ್ಲ. ಅವನು ಹತ್ತಿದರೆ ಹನ್ನೊಂದು ಪೌಂಡು ಕಡಿಮೆ ತೋರಿಸುತ್ತಿತ್ತು. ನಾನು ಹತ್ತಿದರೆ ಒಂಬತ್ತು ಜಾಸ್ತಿ. ಇದಕ್ಕಿಂತ ಪುರಾವೆ ಬೇಕೇ? ಒಂದೇ ಮನೆ, ಒಂದೇ ಊಟ, ಒಬ್ಬನಿಗೆ ಇಳಿತ ಇನ್ನೊಬ್ಬಳಿಗೆ ಏರಿಕೆ. ಯಂತ್ರದ ಕಳ್ಳತನ ಹಿಡಿಯಲು ಹತ್ತು ಪೌಂಡಿನ ಸಕ್ಕರೆ ಚೀಲ ತಂದು ಅದರ ಮೇಲಿಟ್ಟೆ. ಸರಿಯಾಗಿ ಹತ್ತು ತೋರಿಸಿತು. ನಾರ್ಬರ್ಟನ ಕೈಚಳಕಕ್ಕೆ ತಲೆದೂಗಿದೆ. ಸಕ್ಕರೆಗೆ ಮಾತ್ರ ನಿಜ ಹೇಳುವಂತೆ ಯಂತ್ರವನ್ನು ತಿದ್ದಿಟ್ಟಿದ್ದ. ನನ್ನ ಭಾನುವಾರದ ಸ್ಕರ್ಟಿನ ಗುಂಡಿ ಆ ವಾರವೇ ಕಿತ್ತುಹೋಯಿತು. ಬಟ್ಟೆ ಒಣಗಿಸುವ ಯಂತ್ರದ ಕಾವನ್ನೂ ಅವನು ಕದ್ದು ಏರಿಸಿದ್ದಾನೆಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಉರಿಯುವ ಬೆಂಕಿಗೆ ತುಪ್ಪ ಸುರಿದವಳು ನಾದಿನಿ ಡೆಲೋರಿಸ್. ನಮ್ಮ ಎದುರು ಮನೆಯಲ್ಲೇ ಇದ್ದಾಳೆ, ಕಿಟಕಿಯಲ್ಲೇ ಇರುತ್ತಾಳೆ. ಒಂದು ಮಧ್ಯಾಹ್ನ ಕಾಫಿಗೆ ಬಂದು, ಅಣ್ಣ ಇತ್ತೀಚೆಗೆ ಗಡ್ಡ ಚೆನ್ನಾಗಿ ಬೋಳಿಸಿಕೊಳ್ಳುತ್ತಾನೆ ಗಮನಿಸಿದ್ದೀಯಾ ಎಂದಳು. ಗಮನಿಸಿರಲಿಲ್ಲ. ಅಂಗಿಗೆ ಇಸ್ತ್ರಿಯನ್ನೂ ತಾನೇ ಮಾಡಿಕೊಳ್ಳುತ್ತಾನಲ್ಲವೇ ಎಂದಳು. ಹೌದು.

ಡೆಲೋರಿಸ್ ಕಾಫಿ ಬಟ್ಟಲನ್ನು ಕೆಳಗಿಟ್ಟು, "ನೋಡು ಆರ್ಲಿಸ್, ನಮ್ಮಣ್ಣ ಅಂತ ನಾನು ಮುಚ್ಚಿಡೋದಿಲ್ಲ. ಅರವತ್ಮೂರು ವರ್ಷದ ಗಂಡಸು ಹೆಂಡ್ತಿಗೋಸ್ಕರ ಹೊಟ್ಟೆ ಕರಗಿಸಿದ್ದು ನಾನಂತೂ ಕಂಡಿಲ್ಲ" ಎಂದಳು.

ಅಲ್ಲಿಯವರೆಗೆ ನನ್ನ ಅನುಮಾನವೆಲ್ಲ ಐಸ್‌ಕ್ರೀಮಿನ ಮೇಲಿತ್ತು. ಐಸ್‌ಕ್ರೀಮಾದರೆ ಕ್ಷಮಿಸಬಹುದು. ಅವಳು ಹೋದ ಮೇಲೆ ನಾನು ನೆಲಮಾಳಿಗೆಗೆ ಇಳಿದು, ಮೆಟ್ಟಿಲ ಮೇಲೆ ಕೂತು, ಒಂದು ಇಡೀ ಚೆರ್ರಿ ಕ್ರಿಂಗಲನ್ನು, ಇನ್ನೂ ಗಟ್ಟಿಯಿರುವಾಗಲೇ, ವಿಲೇವಾರಿ ಮಾಡಿದೆ. ಒಂದು ತುತ್ತಿಗೂ ಇಪ್ಪತ್ತು ಎಣಿಸಲಿಲ್ಲ.

ಮರುದಿನ ಅವನ ಹಿಂದೆ ಹೋದೆ. ನಡೆದು ಹೋದರೆ ನನಗೆ ಮಂಡಿ ನೋವು, ಅದಕ್ಕೆ ಕಾರಿನಲ್ಲೇ ಹೊರಟೆ. ತಲೆಗೆ ಸ್ಕಾರ್ಫು, ಕಣ್ಣಿಗೆ ಕಪ್ಪು ಕನ್ನಡಕ, ಪಕ್ಕದ ಸೀಟಿನಲ್ಲಿ ಒಂದು ಚೀಲ ತಾಜಾ ಚೀಸಿನ ತುಣುಕು. (ಇದು ಫ್ರೀಜರಿನದಲ್ಲ. ಕಾವಲು ಕಾಯುವವರಿಗೆ ಏನಾದರೂ ಬೇಕಾಗುತ್ತದೆಂದು ದಾರಿಯಲ್ಲಿ ಕೊಂಡದ್ದು. ಹಲ್ಲಿಗೆ ಸಿಕ್ಕಿದರೆ ಕೀಚ್ ಎನ್ನುತ್ತದೆ, ತಾಜಾ ಎಂಬುದಕ್ಕೆ ಅದೇ ಗುರುತು.) ನಾರ್ಬರ್ಟ್ ಮುಂದೆ ನಡೆದ, ನಾನು ಮನುಷ್ಯರ ನಡಿಗೆಯ ವೇಗದಲ್ಲಿ ಹಿಂದೆ ಕಾರು ಬಿಟ್ಟೆ. ಬೆಳಕಿನಲ್ಲಿ ಗುರುತು ಸಿಗಬಾರದೆಂದು ದೀಪ ಆರಿಸಿದ್ದೆ. ಸಂಜೆ ಐದೂಮುಕ್ಕಾಲು, ಬಿಸಿಲು ಚೆನ್ನಾಗಿಯೇ ಇತ್ತು. ಎರಡು ಬೀದಿ ದಾಟುವಷ್ಟರಲ್ಲಿ ನನ್ನ ಹಿಂದೆ ಏಳೆಂಟು ಕಾರುಗಳ ಸಾಲಾಯಿತು. ಹಾರ್ನ್ ಹೊಡೆಯುವುದು ನಮ್ಮೂರಿನವರಿಗೆ ಸಂಕೋಚ, ಪಾಪ ಹಾಗೇ ತೆವಳುತ್ತಾ ಬಂದರು. ಮೂಲೆಯ ಕ್ಷೌರದಂಗಡಿಯ ಮುದುಕ ಮೆರವಣಿಗೆ ನೋಡಿ, ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡು ತಲೆ ಬಾಗಿಸಿದ. ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡನೆಂದು ಕಾಣುತ್ತದೆ. ನಾನೂ ಗಂಭೀರವಾಗಿ ತಲೆಯಾಡಿಸಿದೆ.

ನಾರ್ಬರ್ಟ್ ಸರೋವರದ ದಂಡೆಯುದ್ದಕ್ಕೂ ನಡೆದು, ಹಿಂದಿರುಗಿ, ಹಳೆಯ ಚರ್ಚಿನ ಸಭಾಭವನದ ಹಿಂಬಾಗಿಲಿಗೆ ಬಂದ. ಟೋಪಿ ತೆಗೆದು ಕೂದಲು ಸರಿಮಾಡಿಕೊಂಡು, ಕೆಳಮಾಳಿಗೆಗೆ ಇಳಿದ. ಕೂದಲು ಸರಿಮಾಡಿಕೊಂಡದ್ದು ನನಗೆ ಚುಚ್ಚಿತು. ನನ್ನ ಮುಂದೆ ಅವನು ಹಾಗೆ ಮಾಡಿದ್ದು ಮದುವೆಯ ದಿನವೇ ಕೊನೆ.

ಕೆಳಮಾಳಿಗೆಗೆ ನೆಲದ ಮಟ್ಟದಲ್ಲಿ ಒಂದು ಸಣ್ಣ ಕಿಟಕಿಯಿತ್ತು. ನಾನು ಮಂಡಿಯೂರಿ, ಅಂಗೈ ಊರಿ, ಕೊನೆಗೆ ಗಲ್ಲವನ್ನೂ ಹುಲ್ಲಿಗೆ ಊರಿ ಒಳಗೆ ನೋಡಿದೆ. ನಾರ್ಬರ್ಟ್ ಕೆಂಪು ಸ್ವೆಟರಿನ ಹೆಂಗಸೊಬ್ಬಳ ಕೈ ಹಿಡಿದು ನಿಂತಿದ್ದ. ಇನ್ನೊಂದು ಕೈ ಇನ್ನೊಬ್ಬಳ ಕೈಯಲ್ಲಿತ್ತು. ಎಣಿಸಿದೆ, ಒಟ್ಟು ಹನ್ನೊಂದು ಹೆಂಗಸರು. ಒಬ್ಬಳಿಗೆ ನಾನು ಸಿದ್ಧಳಾಗಿ ಬಂದಿದ್ದೆ, ಹನ್ನೊಂದು ಜನರಿಗಲ್ಲ. ಎಲ್ಲರೂ ವೃತ್ತದಲ್ಲಿ ನಿಂತು, ಒಟ್ಟಿಗೆ, ಎಡಗಾಲು ಮೇಲಕ್ಕೆತ್ತಿದರು.

ಎದ್ದು ಒಳಗೆ ನುಗ್ಗಿ ಎಲ್ಲರ ಗ್ರಹಚಾರ ಬಿಡಿಸಬೇಕೆಂದು ಹೊರಟೆ. ಮೈ ಏಳಲಿಲ್ಲ. ಮಂಡಿಗಳು ಬೀಗ ಹಾಕಿಕೊಂಡಿದ್ದವು. ಕೈಯೂರಿ ಎತ್ತಿಕೊಳ್ಳೋಣವೆಂದರೆ ಕೈಗಳು, ಇಷ್ಟು ಭಾರ ನಮ್ಮ ಜವಾಬ್ದಾರಿಯಲ್ಲ ಎಂಬಂತೆ ನಡುಗಿದವು. ಹಸುವಿನಂತೆ ನಾಲ್ಕು ಕಾಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಮಾನ ಮರ್ಯಾದೆಗಳನ್ನು ಲೆಕ್ಕ ಹಾಕಿ, ಕೊನೆಗೆ ಬೆರಳಿನಿಂದ ಕಿಟಕಿಯ ಗಾಜು ತಟ್ಟಿದೆ. ಹನ್ನೊಂದು ಹೆಂಗಸರೂ ನನ್ನ ಗಂಡನೂ ಒಂಟಿಕಾಲಲ್ಲೇ ತಿರುಗಿ ನೋಡಿದರು.

ನನ್ನನ್ನು ಎಬ್ಬಿಸಲು ಮೂವರು ಬೇಕಾದರು. ಕೆಂಪು ಸ್ವೆಟರಿನವಳು ವನೀಟಾ ಶಿಮೆಕ್, ವಯಸ್ಸು ಎಪ್ಪತ್ತೊಂಬತ್ತು. ನನ್ನ ಕಂಕುಳಿಗೆ ಕೈ ಕೊಟ್ಟು, ಉಸಿರು ಹಿಡಿ, ಹಿಮ್ಮಡಿಯ ಮೇಲೆ ಭಾರ ಹಾಕು ಎನ್ನುತ್ತಾ ಒಂದು ಮೂಟೆ ಆಲೂಗಡ್ಡೆ ಎತ್ತಿದಂತೆ ಎತ್ತಿದಳು. ಅದು ವಯಸ್ಸಾದವರು ಬೀಳದಂತೆ ಕಲಿಸುವ ಸಮತೋಲದ ತರಗತಿ. ಅವಳು ಅಲ್ಲಿಯ ಗುರು. ಗಂಡಸರು ಯಾರೂ ಬರುವುದಿಲ್ಲ, ನಾರ್ಬರ್ಟ್ ಒಬ್ಬನೇ ಆರು ವಾರದಿಂದ ಒಂದು ದಿನವೂ ತಪ್ಪಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ಬಂದದ್ದು ಬಂದಾಯ್ತು, ಒಳಗೆ ಬಂದು ನೀವೂ ಒಂದು ಸಲ ನಿಂತು ನೋಡಿ ಎಂದಳು. ಎಡಗಾಲೆತ್ತಿದೆ. ಎರಡು ಎಣಿಸುವಷ್ಟರಲ್ಲಿ ಮೂಲೆಯ ಪಿಯಾನೋದ ಮೇಲೆ ಬಿದ್ದಿದ್ದೆ. (ಆ ಕೋಣೆಯ ನೆಲ ಸ್ವಲ್ಪ ಓರೆಯಿದೆ.)

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನಾನು ಗಂಡನನ್ನು ವಿಚಾರಣೆಗೆ ತೆಗೆದುಕೊಂಡೆ. ಇದನ್ನು ನನ್ನಿಂದ ಮುಚ್ಚಿಟ್ಟದ್ದು ಯಾಕೆ?

"ಹೇಳಿದ್ರೆ ನೀನು ಡೆಲೋರಿಸ್‌ಗೆ ಹೇಳ್ತಿದ್ದೆ. ಅವಳು ಊರಿಗೆಲ್ಲ ಹೇಳ್ತಿದ್ಲು. ನಾರ್ಬರ್ಟ್ ಮುದುಕಿಯರ ಜೊತೆ ಕೊಕ್ಕರೆ ಥರ ನಿಲ್ತಾನೆ ಅಂತ ಕಾರ್ಖಾನೆಯೋರು ಜೀವ ತಿಂತಿದ್ರು."

ಹೇಳುತ್ತಿದ್ದೆನೆಂಬುದು ನಿಜ. ಅದಕ್ಕೇ ಅದನ್ನು ಬಿಟ್ಟು ಮೂಲ ಪ್ರಶ್ನೆಗೆ ಬಂದೆ. "ಮತ್ತೆ ಆವತ್ತು ಯಾಕೆ ಒಂದೇ ಮಾತಿಗೆ ಆಯ್ತು ಅಂದೆ? ನೀನು ಯಾವತ್ತೂ ಹಾಗನ್ನೋನಲ್ಲ."

ಅವನು ಪಕ್ಕದ ಸೀಟಿನ ಚೀಸಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿಯನ್ನು ಮಡಿಸುತ್ತಾ, "ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ ನೀನು ಕಾರಿನ ಆಚೆ ಪಕ್ಕ ನಿಂತು ಅಳ್ತಿದ್ದೆಯಲ್ಲ ಕಣೇ. ಕೀಲಿಕೈ ಬಿತ್ತು, ಹುಡುಕ್ತಿದೀನಿ ಅಂದೆ. ಕೀಲಿಕೈ ನನ್ನ ಹತ್ರ ಇತ್ತು" ಎಂದ.

ಕಪ್ಪು ಕನ್ನಡಕ ಹಾಕಿಕೊಂಡೇ ಇದ್ದದ್ದು ಒಳ್ಳೆಯದಾಯಿತು. ಮರುದಿನದ ಊಟಕ್ಕೆ ಹೂಕೋಸಿಗೆ ಕದ್ದು ಒಂದು ಚಿಟಿಕೆ ಉಪ್ಪು ಹಾಕಿದೆ. ಅನುಮಾನಗಳನ್ನೆಲ್ಲ ಮಡಿಸಿ ಒಳಗಿಟ್ಟೆ. ಅಂದಿನಿಂದ ಪೂರ್ಣ ಮನಸ್ಸಿನಿಂದ ಅವನ ಆರೋಗ್ಯಕ್ಕೆ ನಿಂತೆ. (ಎರಡನೆಯ ಫ್ರೀಜರಿನಲ್ಲಿ ಇನ್ನೂ ಬಹಳ ಇತ್ತು. ಒಳ್ಳೆಯ ಕೆಲಸವನ್ನು ಅರ್ಧಕ್ಕೆ ಬಿಡಬಾರದು.)

ಜೂನಿನಲ್ಲಿ ಮತ್ತೆ ರಕ್ತಪರೀಕ್ಷೆಗೆ ಹೋದೆವು. ಹೇಗೂ ಬಂದಿದ್ದೀರಿ, ನಿಮ್ಮದೂ ನೋಡಿಬಿಡೋಣ ಎಂದು ನರ್ಸು ನನ್ನ ತೋಳಿಗೂ ಸೂಜಿ ಚುಚ್ಚಿದಳು. ಹಾಗೇ ಆಗಲಿ ಎಂದೆ. ಮೂರು ತಿಂಗಳು ಮನೆಯಲ್ಲಿ ಹದಿನಾಲ್ಕು ಸೂತ್ರ ನಡೆಸಿದವಳು ನಾನು, ನನಗೇನು ಭಯ?

ವಾರ ಬಿಟ್ಟು ಡಾಕ್ಟರ್ ಹಲ್ವರ್ಸನ್ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ನಾರ್ಬರ್ಟನ ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು, ಕೊಬ್ಬು ಇಳಿದಿತ್ತು, ಮಾತ್ರೆ ಸದ್ಯಕ್ಕೆ ಬೇಡವೆಂದಳು. ನಾನು ಪದಕ ಸ್ವೀಕರಿಸುವವಳಂತೆ ನೆಟ್ಟಗೆ ಕೂತೆ. ಅವಳು ಎರಡನೆಯ ಹಾಳೆ ತೆಗೆದು, ಮೊದಲನೆಯದನ್ನೂ ತೆಗೆದು, ಹೆಸರುಗಳನ್ನು ಇನ್ನೊಮ್ಮೆ ನೋಡಿದಳು.

"ಆರ್ಲಿಸ್, ನೀವು ಮನೇಲಿ ಏನು ಊಟ ಮಾಡ್ತೀರಿ?"

ಅವನು ಮಾಡುವುದನ್ನೇ ಎಂದೆ. ಹೂಕೋಸು, ಬೀನ್ಸು, ಮೀನು.

"ಹಾಗಾದ್ರೆ ಇದು ನನಗೆ ಅರ್ಥವಾಗ್ತಿಲ್ಲ. ಮಾರ್ಚ್‌ನಲ್ಲಿ ಇವರದು ಎಷ್ಟಿತ್ತೋ, ಈಗ ನಿಮ್ಮದು ಅದಕ್ಕಿಂತ ಜಾಸ್ತಿ ಇದೆ."

ಯಂತ್ರ ಕೆಟ್ಟಿರಬಹುದು, ಇಲ್ಲವೇ ನರ್ಸು ಶೀಸೆಗಳನ್ನು ಅದಲುಬದಲು ಮಾಡಿರಬಹುದು ಎಂದು ಸೂಚಿಸಿದೆ. ಡಾಕ್ಟರು ಸಮಾಧಾನದಿಂದ ತಲೆಯಾಡಿಸಿ, ಊಟದ ನಡುವೆ ಏನಾದರೂ, ರುಚಿ ನೋಡುವಾಗ, ಹೀಗೆ ಸುಮ್ಮನೆ, ಎಂದು ಕೆದಕಿದಳು. ನಾನು ಸುಮ್ಮನೆ ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದೆ. ನಾರ್ಬರ್ಟ್ ಕೆಮ್ಮಿದ.

"ಡಾಕ್ಟ್ರೇ, ಹೋದ ವಾರ ಒಂದು ಮೊಳೆ ಹುಡುಕೋಕೆ ನೆಲಮಾಳಿಗೆಗೆ ಹೋಗಿದ್ದೆ. ಎರಡು ಫ್ರೀಜರೂ ಖಾಲಿ ಇದ್ವು. ಒರೆಸಿ, ತೊಳೆದು, ಬಾಗಿಲು ತೆಗೆದಿಟ್ಟಿದ್ಲು. ಎಲ್ಲ ಚರ್ಚಿಗೆ ಕೊಟ್ಟಿರ್ತಾಳೆ ಅಂದ್ಕೊಂಡು ನನಗೆ ಇವಳ ಮೇಲೆ ತುಂಬಾ ಗೌರವ ಬಂದಿತ್ತು."

ಆಮೇಲೆ ಆ ಹುಡುಗಿ ಪೆನ್ನು ಹಿಡಿದು ಕೇಳತೊಡಗಿದಳು, ನಾನು ಹೇಳತೊಡಗಿದೆ. ಬೆಣ್ಣೆ ಎಷ್ಟು, ಬೇಕನ್ ಎಷ್ಟು, ಕ್ರಿಂಗಲುಗಳು ಎಷ್ಟು. ಒಂಬತ್ತು ಎಂದಾಗ ಅವಳು ಬರೆಯುವುದನ್ನು ನಿಲ್ಲಿಸಿ, ಚೂರುಗಳೇ ಎಂದು ಕೇಳಿದಳು. ಇಡಿಯವು ಎಂದೆ.

ನನಗೆ ಪಥ್ಯ, ಮೂರು ತಿಂಗಳ ವಾಯಿದೆ. ಮನೆಯಲ್ಲಿ ಯಾರಾದರೂ ನಿಗಾ ಇಡುವವರು ಇದ್ದಾರೆಯೇ ಎಂದು ಕೇಳಿದಾಗ ನಾರ್ಬರ್ಟ್ ಶಾಲೆಯ ಹುಡುಗನಂತೆ ಕೈ ಎತ್ತಿದ.

ವಾಪಸ್ಸು ಬರುವಾಗ ಅವನೇ ಕಾರು ಓಡಿಸಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಬೈಗುಳ ಬರುತ್ತದೆ, ನಗು ಬರುತ್ತದೆ, ಡೆಲೋರಿಸ್‌ಗೆ ಹೇಳುತ್ತೇನೆಂಬ ಬೆದರಿಕೆ ಬರುತ್ತದೆ ಎಂದು ಕಾದೆ. ಎಂಟು ಬೀದಿ ದಾಟಿದರೂ ಏನೂ ಬರಲಿಲ್ಲ. ಸೋಮವಾರದಿಂದ ವನೀಟಾಳ ತರಗತಿಗೆ ನಿನ್ನ ಹೆಸರೂ ಬರೆಸುತ್ತೇನೆ ಎಂದ. ನಾನು ಹೂಂಗುಟ್ಟಿದೆ.

ಸೇತುವೆಯ ಹತ್ತಿರ ಕೆಂಪು ದೀಪ ಬಿತ್ತು. ನಾರ್ಬರ್ಟ್ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ನೇರ ಮುಂದೆ ನೋಡುತ್ತಾ, ತಗ್ಗಿದ ದನಿಯಲ್ಲಿ ಕೇಳಿದ. "ಆ ಸಾಸೇಜು, ಅರ್ಧ ಹಂದಿದು. ಹೇಗಿತ್ತು?"

ನಾನು ಅವನ ಮುಖ ನೋಡಿದೆ. ಹಂಗಿಸುತ್ತಿರಲಿಲ್ಲ. ಹನ್ನೆರಡು ವಾರ ಹೂಕೋಸು ತಿಂದ ಮನುಷ್ಯನ ಮುಖ ಅದು. ಅದಕ್ಕೇ ಹೇಳಿದೆ. ಬಾಣಲೆಯಲ್ಲಿ ಬೆಣ್ಣೆ ಕಂದುಬಣ್ಣಕ್ಕೆ ಬರುವವರೆಗೆ ಕಾದದ್ದು, ಬಿಯರಿನಲ್ಲಿ ಕುದಿಸಿ ಆಮೇಲೆ ಸುಟ್ಟದ್ದು, ಚರ್ಮ ಸಿಡಿದು ಎಣ್ಣೆ ಚಿಮ್ಮಿ ನನ್ನ ಮಣಿಕಟ್ಟು ಸುಟ್ಟದ್ದು, ಗಟ್ಟಿ ಬನ್ನಿನೊಳಗೆ ಕಂದು ಸಾಸಿವೆ ಸವರಿ ಮೊದಲ ಸಲ ಕಚ್ಚಿದ್ದು, ಎಲ್ಲ. ಅವನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಹಸಿರು ದೀಪ ಬಿತ್ತು, ಅವನು ಕದಲಲಿಲ್ಲ. ಹಾರ್ನ್ ಹೊಡೆಯದ ನಮ್ಮೂರಿನವರಲ್ಲಿ ಒಬ್ಬ ಹಿಂದಿನಿಂದ ಹಾರ್ನ್ ಹೊಡೆದೇಬಿಟ್ಟ.

ನಾರ್ಬರ್ಟ್ ಕಣ್ಣು ಮುಚ್ಚಿದವನು ಮುಚ್ಚಿಯೇ ಇದ್ದ. "ಈರುಳ್ಳಿ ಹಾಕಿದ್ಯೋ ಇಲ್ವೋ, ಅದನ್ನು ಹೇಳ್ಲೇ ಇಲ್ಲ" ಎಂದ.